ಇದ್ದಿಲಿನ ಗಾಳಿಯಲ್ಲಿ ಓಡಿದ ಬಸ್ಸುಗಳು

ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ ಬೇಕು. ಶಿವಮೊಗ್ಗದಲ್ಲಿರುವ ನನ್ನ ಗ್ಯಾರೇಜಿಗೆ ಬರುವ ಹುಡುಗರಿಗೆ ಈ ಲೆಕ್ಕ ಹೇಳಿದರೆ ಕಣ್ಣರಳಿಸುತ್ತಾರೆ. ಗಾಡಿ ಪೆಟ್ರೋಲ್ ಕುಡಿಯುತ್ತದೆ ಅಂತಲೇ ಎಲ್ಲರೂ ಹೇಳುವುದು, ಗಾಳಿಯ ಮಾತನ್ನು ಯಾರೂ ಎತ್ತುವುದಿಲ್ಲ. ಅದೇ ಹುಡುಗರು ಮನೆಯಲ್ಲಿ ಕೂತು ಬೈಕಿನ ಏರ್ ಫಿಲ್ಟರ್ ಡಬ್ಬ ಬಿಚ್ಚಿ ಬದಿಗಿಟ್ಟು, ಬಾಯಿ ಬಿಟ್ಟ ಫಿಲ್ಟರೊಂದನ್ನು ಕಾರ್ಬುರೇಟರಿಗೆ ಸಿಕ್ಕಿಸಿ, ಕೆಲವು ದಿನ ಬಿಟ್ಟು ‘ಸೌಂಡ್ ಚೆನ್ನಾಗಿದೆ, ಆದ್ರೆ ಎಳೀತಿಲ್ಲ’ ಎಂದು ಬರುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಇಂಜಿನ್ನಿನ ಗಾಳಿಯ ದಾರಿಗೆ ಕೈ ಹಾಕುವ ಧೈರ್ಯ ನಮ್ಮ ಸೀಮೆಗೆ ಹೊಸದಲ್ಲ. ಎಂಬತ್ತು ವರ್ಷಗಳ ಹಿಂದೆ, ವೇಗಕ್ಕಾಗಲೀ ಸದ್ದಿಗಾಗಲೀ ಅಲ್ಲ, ಬಸ್ಸು ಓಡಲೇಬೇಕು ಎಂಬ ಒಂದೇ ಕಾರಣಕ್ಕೆ ನಮ್ಮವರು ಆ ಕೊಳವೆಯನ್ನು ಕೊಯ್ದು ಅದರೊಳಗೆ ಇದ್ದಿಲಿನ ಹೊಗೆ ಬಿಟ್ಟಿದ್ದರು.

ನಮ್ಮ ಅಜ್ಜ ಆ ಕಾಲದಲ್ಲಿ ಶಿವಮೊಗ್ಗ–ತೀರ್ಥಹಳ್ಳಿ ನಡುವೆ ಓಡುತ್ತಿದ್ದ ಖಾಸಗಿ ಬಸ್ಸೊಂದರಲ್ಲಿ ಕ್ಲೀನರ್ ಆಗಿದ್ದವರು. ಮೀಸೆ ಮೂಡುವ ವಯಸ್ಸು. ಆಮೇಲೆ ಡ್ರೈವರ್ ಆದರು, ಕೊನೆಗೆ ಸ್ವಂತದ ಲಾರಿಯನ್ನೂ ಇಟ್ಟುಕೊಂಡರು. ಆದರೆ ಮಾತಿಗೆ ಕೂತರೆ ಡ್ರೈವರ್ ಆಗಿದ್ದ ದಿನಗಳಿಗಿಂತ ಕ್ಲೀನರ್ ಆಗಿದ್ದ ದಿನಗಳೇ ಅವರ ಬಾಯಲ್ಲಿ ಮೊದಲು ಬರುತ್ತಿದ್ದವು. ಆ ದಿನಗಳಲ್ಲಿ ಬಸ್ಸಿನ ಜೀವ ಕ್ಲೀನರ್ ಕೈಯಲ್ಲಿತ್ತು ಎಂಬುದನ್ನು ನಾನು ಇಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತ ಮೇಲಷ್ಟೇ ಅರ್ಥ ಮಾಡಿಕೊಂಡೆ.

ಎರಡನೇ ಮಹಾಯುದ್ಧ ಶುರುವಾದದ್ದು 1939ರಲ್ಲಿ. ಮಲೆನಾಡಿನ ರಸ್ತೆಗೆ ಅದರ ಬಿಸಿ ತಟ್ಟಿದ್ದು ಸ್ವಲ್ಪ ತಡವಾಗಿ. ಬ್ರಿಟಿಷ್ ಇಂಡಿಯಾದಲ್ಲಿ 1941ರಲ್ಲಿ ಮೋಟಾರ್ ಸ್ಪಿರಿಟ್ ಪಡಿತರದ ಆದೇಶ ಬಂತು. ಪೆಟ್ರೋಲಿಗೆ ಕೂಪನ್ ಬಂತು. ಮರುವರ್ಷ ಮಾರ್ಚ್‌ನಲ್ಲಿ ರಂಗೂನ್ ಜಪಾನಿಯರ ವಶವಾಯಿತು; ಏಪ್ರಿಲ್‌ನಲ್ಲಿ ಬರ್ಮಾದ ಯೆನಾಂಗ್ಯಾಂಗ್ ಎಣ್ಣೆ ಬಾವಿಗಳನ್ನು, ಶತ್ರುವಿನ ಕೈಗೆ ಸಿಗಬಾರದೆಂದು, ಬ್ರಿಟಿಷರೇ ಹಾಳುಗೆಡವಿ ಹಿಂದೆ ಸರಿದರು. ಭಾರತಕ್ಕೆ ಬರುತ್ತಿದ್ದ ಪೆಟ್ರೋಲು, ಸೀಮೆಎಣ್ಣೆಯ ದೊಡ್ಡ ಪಾಲು ಬರ್ಮಾದ್ದು. ಇದ್ದುಬದ್ದದ್ದು ಸೈನ್ಯಕ್ಕೆ ಹೋಯಿತು. ಷೆವ್ರೊಲೆ, ಫೋರ್ಡ್, ಡಾಡ್ಜ್, ಫಾರ್ಗೋ ಗಾಡಿಗಳನ್ನು ಇಟ್ಟುಕೊಂಡಿದ್ದ ಸಣ್ಣ ಸಣ್ಣ ಬಸ್ ಮಾಲೀಕರು ಗಾಡಿಯನ್ನು ಷೆಡ್ಡಿನಲ್ಲಿ ನಿಲ್ಲಿಸಬೇಕು, ಇಲ್ಲವೇ ಬೇರೆ ಉರುವಲು ಹುಡುಕಬೇಕು ಎಂಬ ಸ್ಥಿತಿಗೆ ಬಂದರು.

ಬೇರೆ ಉರುವಲು ಮಲೆನಾಡಿನಲ್ಲಿ ಯಥೇಚ್ಛವಾಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಕಲ್ಲಿದ್ದಲಿನದಲ್ಲ, ಕಾಡಿನ ಮರದ ಇದ್ದಿಲಿನದು. ವಿಶ್ವೇಶ್ವರಯ್ಯನವರ ಕನಸಿನ ಆ ಕಾರ್ಖಾನೆಯ ಹಳೆಯ ಹೆಸರಿನಲ್ಲೇ ಕಬ್ಬಿಣದ ಜೊತೆ ಮರ ಬಟ್ಟಿ ಇಳಿಸುವ ಕೆಲಸವೂ ಸೇರಿತ್ತು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಡಾಂಬರು, ಸ್ಪಿರಿಟ್ ಬೇರೆ ಮಾಡಿ, ಉಳಿದ ಇದ್ದಿಲನ್ನು ಕುಲುಮೆಗೆ ಹಾಕುತ್ತಿದ್ದರು. ಕಾಡಂಚಿನಲ್ಲಿ ಮರದ ತುಂಡುಗಳನ್ನು ಒಟ್ಟಿ, ಮಣ್ಣು ಮೆತ್ತಿ ಇದ್ದಿಲು ಸುಡುವವರೂ ಇದ್ದರು. ಇದ್ದಿಲು ಎಂದರೆ ಏನು, ಯಾವುದು ಗಟ್ಟಿ, ಯಾವುದು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ ಎನ್ನುವ ತಿಳಿವಳಿಕೆ ಊರೂರಲ್ಲಿತ್ತು.

ಗಾಡಿಗೆ ಇದ್ದಿಲನ್ನು ನೇರವಾಗಿ ಹಾಕಲು ಬರುವುದಿಲ್ಲ, ಅದನ್ನು ಗಾಳಿಯಾಗಿಸಬೇಕು. ಇದರ ರಸಾಯನ ಸರಳ. ಇದ್ದಿಲಿನ ಕೆಂಡಕ್ಕೆ ಸಾಕಷ್ಟು ಗಾಳಿ ಸಿಕ್ಕರೆ ಅದು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಅನಿಲವನ್ನೇ ಕೆಂಪಗೆ ಕಾದ ಇನ್ನಷ್ಟು ಇದ್ದಿಲಿನ ಮೂಲಕ ಎಳೆದರೆ ಅದು ಇನ್ನೊಂದು ಪಾಲು ಇಂಗಾಲವನ್ನು ಸೇರಿಸಿಕೊಂಡು ಇಂಗಾಲದ ಮೊನಾಕ್ಸೈಡ್ ಆಗುತ್ತದೆ, ಅಂದರೆ ಮತ್ತೆ ಉರಿಯಬಲ್ಲ ಅನಿಲ. ಸ್ವಲ್ಪ ನೀರಾವಿ ಸೇರಿದರೆ ಒಂದಿಷ್ಟು ಜಲಜನಕವೂ ಸಿಗುತ್ತದೆ. ಹೊರಗೆ ಬರುವ ಗಾಳಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮೊನಾಕ್ಸೈಡ್. ಅರ್ಧಕ್ಕಿಂತ ಹೆಚ್ಚು, ಉರಿಯಲು ಉಪಯೋಗವಿಲ್ಲದ ಸಾರಜನಕ. ಸಪ್ಪೆ ಗಾಳಿ ಅದು. ಆದರೂ ಪಿಸ್ಟನ್ನನ್ನು ತಳ್ಳುತ್ತದೆ.

ಯುರೋಪಿನಲ್ಲಿ ಇದರ ಪ್ರಯೋಗ ಮೊದಲೇ ನಡೆದಿತ್ತು. ಜಾರ್ಜ್ ಇಂಬರ್ ಎಂಬ ಅಲ್ಸಾಸ್ ಪ್ರಾಂತ್ಯದ ಇಂಜಿನಿಯರ್ 1920ರ ದಶಕದಲ್ಲಿ ಮರದ ತುಂಡುಗಳಿಂದಲೇ ಗ್ಯಾಸ್ ತೆಗೆಯುವ ಒಲೆಯನ್ನು ಗಾಡಿಗೆ ಒಗ್ಗಿಸಿದ್ದ. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿ, ಫ್ರಾನ್ಸ್, ಸ್ವೀಡನ್ ಎಲ್ಲ ಸೇರಿ ಹತ್ತು ಲಕ್ಷದಷ್ಟು ವಾಹನಗಳು ಇಂಥ ಗ್ಯಾಸಿನಲ್ಲಿ ಓಡುತ್ತಿದ್ದವು. ದಕ್ಷಿಣ ಭಾರತದಲ್ಲಿ ಮಧುರೆಯ ಟಿ.ವಿ. ಸುಂದರಂ ಅಯ್ಯಂಗಾರ್ ಅವರ ಟಿವಿಎಸ್ ಕಂಪನಿ ತನ್ನದೇ ಗ್ಯಾಸ್ ಪ್ಲಾಂಟ್ ತಯಾರಿಸಿ ತನ್ನ ಬಸ್ಸುಗಳು ನಿಲ್ಲದಂತೆ ನೋಡಿಕೊಂಡಿತು. ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಸಿಗದಿರುವುದು ಎರಡೇ ಬಸ್ಸು, ಒಂದೇ ಬಸ್ಸು ಇದ್ದ ಮಾಲೀಕರ ಕಥೆ. ಕಂಪನಿಯ ಪ್ಲಾಂಟ್ ತರಿಸಲು ಕೈಯಲ್ಲಿ ದುಡ್ಡಿಲ್ಲದೆ, ಒಂದೆರಡು ಕಡೆ ಕಂಡದ್ದನ್ನು ನೆನಪಿಟ್ಟುಕೊಂಡು, ಕಬ್ಬಿಣದ ಡ್ರಮ್ಮು, ಹಳೆಯ ಪೈಪು ಹೊಂಚಿ ಊರ ಕಮ್ಮಾರನ ಬಳಿ ಹೋದವರು ಅವರು. ಅಜ್ಜನ ಬಸ್ಸಿನ ಪ್ಲಾಂಟ್ ಹುಟ್ಟಿದ್ದೂ ಕಮ್ಮಾರನ ಸಾಲೆಯಲ್ಲೇ.

ಕಮ್ಮಾರನಿಗೆ ಅದು ಯಾಕೆ ಕಷ್ಟವಾಗಲಿಲ್ಲ ಎಂದು ಬಹಳ ದಿನ ಯೋಚಿಸಿದ್ದೇನೆ. ಕುಲುಮೆಯಲ್ಲಿ ತಿದಿ ಒತ್ತಿದರೆ ಗಾಳಿ ಮೂತಿಯಿಂದ ನುಗ್ಗಿ ಇದ್ದಿಲನ್ನು ಹೊತ್ತಿಸುತ್ತದೆ. ಗ್ಯಾಸ್ ಪ್ಲಾಂಟಿನಲ್ಲಿ ಇರುವುದೂ ಅದೇ ಮೂತಿ, ಅದೇ ಕೆಂಡ; ತಿದಿ ಮಾತ್ರ ಒಲೆಯ ಈ ಬದಿಯಿಂದ ಆ ಬದಿಗೆ ಹೋಗಿದೆ. ಇಲ್ಲಿ ಗಾಳಿಯನ್ನು ಯಾರೂ ಒತ್ತುವುದಿಲ್ಲ, ಇಂಜಿನ್ನೇ ಎಳೆದುಕೊಳ್ಳುತ್ತದೆ. ಆ ಕಾಲದ ಆರು ಸಿಲಿಂಡರಿನ ಷೆವ್ರೊಲೆ ಇಂಜಿನ್ ಮೂರೂವರೆ ಲೀಟರಿನದು. ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ 3,500 ಲೀಟರ್ ಎಳೆಯಬೇಕು. ಅದರಲ್ಲಿ ಸುಮಾರು ಅರ್ಧ ಗ್ಯಾಸ್, ಇನ್ನರ್ಧ ಗಾಳಿ. ಕೈತಿದಿಗೆ ನಿಲುಕದ ಈ ಎಳೆತಕ್ಕೆ ಮೂತಿಯ ಎದುರಿನ ಕೆಂಡ ಬೆಳ್ಳಗೆ ಕಾಯುತ್ತಿತ್ತು. ಕಬ್ಬಿಣದ ಮೂತಿಯೇ ಸುಟ್ಟು ಕರಗುತ್ತಿದ್ದುದು ಅದರಿಂದ. ಅದರ ಸುತ್ತ ನೀರಿನ ಕವಚ ಕೊಡುವುದನ್ನು ಒಂದೆರಡು ಮೂತಿ ಸುಟ್ಟ ಮೇಲೆ ಕಂಡುಕೊಂಡರಂತೆ. ಬೂದಿ ಕರಗಿ ಗಟ್ಟಿಯಾದ ಗಡ್ಡೆಗೆ ಅಜ್ಜ ‘ಕಿಟ್ಟ’ ಎಂದೇ ಹೇಳುತ್ತಿದ್ದರು, ಕಮ್ಮಾರ ಹೇಳಿದ ಹಾಗೆಯೇ. ದಿನವೂ ಜಾಲರಿಯಿಂದ ಕಿಟ್ಟ ಒಡೆದು ತೆಗೆಯದಿದ್ದರೆ ಗಾಳಿಯ ದಾರಿ ಕಟ್ಟಿಕೊಳ್ಳುತ್ತಿತ್ತು.

ಇಂಜಿನ್ನಿನ ಕಡೆ ಮಾಡಿದ ಮಾರ್ಪಾಡು ನೋಡಲು ಪುಟ್ಟದು. ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಒಂದು ತುಂಡು. ಒಂದು ಬಾಯಿಂದ ಗ್ಯಾಸ್, ಇನ್ನೊಂದರಿಂದ ಹೊರಗಿನ ಗಾಳಿ, ಎರಡಕ್ಕೂ ಒಳಗೆ ತಿರುಗುವ ತಗಡಿನ ಮುಚ್ಚಳ. ಅವುಗಳ ಸರಳನ್ನು ಡ್ರೈವರ್ ಕೈಗೆ ಸಿಗುವ ಹಾಗೆ ಎಳೆದಿರುತ್ತಿದ್ದರು. ಪೆಟ್ರೋಲಿಗೆ ಮಾಡಿದ ಇಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ಹದಿನೈದು ಪಾಲಿನಷ್ಟು ತೂಕದ ಗಾಳಿ ಸೇರಿಸುವುದು ಗೊತ್ತು. ಇದ್ದಿಲಿನ ಗ್ಯಾಸಿಗೆ ಬೇಕಾದದ್ದು ಹೆಚ್ಚುಕಡಿಮೆ ಸಮಸಮ. ಆ ಸಮಪಾಲು ಒಂದೇ ಕಡೆ ನಿಲ್ಲುವಂಥದ್ದಲ್ಲ: ಕೆಂಡ ಜೋರಾದರೆ ಗ್ಯಾಸ್ ಬಲವಾಗುತ್ತದೆ, ಇಳಿಜಾರಿನಲ್ಲಿ ಸುಮ್ಮನೆ ಇಳಿದರೆ ಕೆಂಡ ಮಂಕಾಗುತ್ತದೆ. ಡ್ರೈವರ್ ಇಡೀ ದಾರಿ ಗಾಳಿಯ ಸರಳನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತಲೇ ಇರಬೇಕಿತ್ತು. ಇವತ್ತು ಸೆನ್ಸರ್‌ಗಳೂ ಕಂಪ್ಯೂಟರೂ ಮಾಡುವ ಕೆಲಸವನ್ನು ಆತ ಇಂಜಿನ್ನಿನ ಸದ್ದು ಕೇಳಿಯೇ ಮಾಡುತ್ತಿದ್ದ. ಈ ಗ್ಯಾಸ್ ನಿಧಾನ ಉರಿಯುವಂಥದ್ದು, ಹಾಗಾಗಿ ಕಿಡಿಯನ್ನೂ ಮುಂಚಿತವಾಗಿ ಹಾರಿಸಲು ಟೈಮಿಂಗ್ ತಿರುಗಿಸಬೇಕಿತ್ತು. ಧೈರ್ಯವಿದ್ದವರು ಹೆಡ್ಡನ್ನು ಸ್ವಲ್ಪ ಕೆತ್ತಿಸಿ ಒತ್ತಡವನ್ನೂ ಹೆಚ್ಚಿಸಿಕೊಂಡರು. ಪೆಟ್ರೋಲಿನಂತೆ ಈ ಗ್ಯಾಸ್ ಸುಲಭಕ್ಕೆ ನಾಕ್ ಆಗುವುದಿಲ್ಲ ಎಂಬುದನ್ನು ಕಿವಿಯಿಂದಲೇ ತಿಳಿದವರು ಅವರು.

ಇಷ್ಟಾದರೂ ಕಷ್ಟದ ಕೆಲಸ ಇದ್ಯಾವುದೂ ಅಲ್ಲ. ಎಲ್ಲಕ್ಕಿಂತ ಕಷ್ಟದ್ದು ಫಿಲ್ಟರ್. ಇದನ್ನು ಹೇಳುವುದಕ್ಕಾಗಿಯೇ ನಾನು ಈ ಬರಹಕ್ಕೆ ಕೂತದ್ದು.

ಇದ್ದಿಲಿನ ಕೆಂಡದಿಂದ ಬರುವ ಗಾಳಿ ಬಿಸಿ, ಬೂದಿ ತುಂಬಿದ್ದು. ಬೂದಿಯಲ್ಲಿ ಮರಳಿನ ಜಾತಿಯ ಸಿಲಿಕಾ ಇರುತ್ತದೆ. ಅದು ಎಣ್ಣೆಯ ಜೊತೆ ಸೇರಿ ಸಿಲಿಂಡರಿನೊಳಗೆ ಹೋದರೆ ಉಜ್ಜುವ ಪೇಸ್ಟೇ ಆಗಿಬಿಡುತ್ತದೆ. ರಿಂಗು ತೇಯುತ್ತದೆ, ಬೋರು ಅಗಲವಾಗುತ್ತದೆ, ಕೆಲವೇ ತಿಂಗಳಲ್ಲಿ ಇಂಜಿನ್ ಎಣ್ಣೆ ಕುಡಿಯಲು ತೊಡಗುತ್ತದೆ. ಯುದ್ಧದ ಕಾಲದಲ್ಲಿ ಹೊಸ ಪಿಸ್ಟನ್ ಎಲ್ಲಿಂದ ತರುವುದು? ಇದ್ದಿಲಿನ ಬದಲು ಹಸಿ ಕಟ್ಟಿಗೆ ಹಾಕಿದರೆ ಇನ್ನೂ ದೊಡ್ಡ ಆಪತ್ತು: ಡಾಂಬರು ಹಬೆಯಾಗಿ ಬಂದು ವಾಲ್ವಿನ ಕಾಂಡಕ್ಕೆ ಅಂಟಿ, ರಾತ್ರಿ ತಣ್ಣಗಾದ ಮೇಲೆ ಬೆಳಿಗ್ಗೆ ಇಂಜಿನ್ ಅಲ್ಲಾಡುವುದೇ ಇಲ್ಲ. ಇಲ್ಲಿಯ ಜನ ಇಂಬರ್‌ನ ಮರದ ಒಲೆಗಿಂತ ಇದ್ದಿಲನ್ನೇ ಹೆಚ್ಚಾಗಿ ನೆಚ್ಚಿದ್ದು ಇದಕ್ಕೆ. ಇದ್ದಿಲು ಸುಡುವಾಗಲೇ ಡಾಂಬರು ಕಾಡಿನಲ್ಲಿ ಹೊಗೆಯಾಗಿ ಹೋಗಿರುತ್ತದೆ.

ಅಜ್ಜನ ಬಸ್ಸಿನಲ್ಲಿ ಗ್ಯಾಸ್ ಮೊದಲು ಒಂದು ಖಾಲಿ ಡ್ರಮ್ಮಿಗೆ ಹೋಗುತ್ತಿತ್ತು. ಅಲ್ಲಿ ಗಾಳಿ ಒಮ್ಮೆಲೇ ನಿಧಾನವಾಗಿ ದಪ್ಪ ಬೂದಿ ತಳಕ್ಕೆ ಬೀಳುತ್ತಿತ್ತು. ಆಮೇಲೆ ಬಸ್ಸಿನ ಅಡಿಯಲ್ಲಿ ಹಾವಿನಂತೆ ಹಾಯಿಸಿದ ಉದ್ದನೆಯ ಪೈಪು, ಗಾಳಿ ತಣಿಯಲು. ತಣಿದ ಗಾಳಿ ದಟ್ಟವಾಗುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಗ್ಯಾಸ್ ಹಿಡಿಯುತ್ತದೆ. ಇವತ್ತಿನ ಟರ್ಬೊ ಗಾಡಿಗಳ ಇಂಟರ್‌ಕೂಲರ್ ಮಾಡುವುದೂ ಇದನ್ನೇ. ಆಮೇಲೆ ತೆಂಗಿನ ನಾರು ತುಂಬಿದ ಡಬ್ಬ. ಅದಾದ ಮೇಲೆ ತಂತಿಯ ಚೌಕಟ್ಟಿಗೆ ತೊಡಿಸಿದ ದಪ್ಪ ಬಟ್ಟೆಯ ಚೀಲಗಳು. ಕೊನೆಯಲ್ಲಿ ಎಣ್ಣೆಯಲ್ಲಿ ಅದ್ದಿದ ಇನ್ನೊಂದು ಸುತ್ತು ನಾರು. ಇವುಗಳಲ್ಲಿ ಹಟಮಾರಿ ಎಂದರೆ ಬಟ್ಟೆಯ ಚೀಲ. ಗ್ಯಾಸ್ ಬಿಸಿಯಾಗಿ ಬಂದರೆ ಬಟ್ಟೆ ಸುಡುತ್ತದೆ, ತೀರ ತಣ್ಣಗಾಗಿ ಬಂದರೆ ಅದರಲ್ಲಿದ್ದ ನೀರಾವಿ ಬಟ್ಟೆಯಲ್ಲೇ ಕೂತು, ಬೂದಿಯ ಜೊತೆ ಕೆಸರಾಗಿ ಉಸಿರು ಕಟ್ಟಿಸುತ್ತದೆ. ಆಗುಂಬೆ ಸೀಮೆಯ ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದು ಎಂದರೇನು ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಒಂದು ಜೊತೆ ಚೀಲ ಬಸ್ಸಿನಲ್ಲಿದ್ದರೆ ಇನ್ನೊಂದು ಜೊತೆ ನಮ್ಮ ಮುತ್ತಜ್ಜಿಯ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ. ಮನೆಮಂದಿಯ ಒದ್ದೆ ಬಟ್ಟೆಯ ಜೊತೆಗೇ ಒಣಗುತ್ತಿತ್ತು. ಹರಿದರೆ ಹೊಲಿಯುತ್ತಿದ್ದವರೂ ಅವರೇ. ‘ಚೀಲ ಒಣಗಿದ್ರೆ ಬಸ್ಸು, ಇಲ್ದಿದ್ರೆ ಎಲ್ರಿಗೂ ಕಾಲ್ನಡಿಗೆ ಮಾರಾಯ’ ಎನ್ನುತ್ತಿದ್ದರು ಅಜ್ಜ. ಮೋಟಾರು ಸಾರಿಗೆಯ ಚರಿತ್ರೆಯಲ್ಲಿ ಬಚ್ಚಲೊಲೆಗೆ ಒಂದು ಜಾಗ ಸಿಗಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಫಿಲ್ಟರ್ ಇರುವುದು ಗಾಳಿಯನ್ನು ತಡೆಯುವುದಕ್ಕೆ ಎಂದು ತಿಳಿದವರು ಅದನ್ನು ಕಿತ್ತೆಸೆಯುತ್ತಾರೆ. ತಡೆಯುವುದು ನಿಜ, ಸ್ವಲ್ಪ. ಇಂಜಿನ್ ಎಳೆಯುವ ಗಾಳಿಗೆ ನಾರೂ ಬಟ್ಟೆಯೂ ಅಡ್ಡ ಬಂದಷ್ಟು ಬಸ್ಸಿನ ಶಕ್ತಿ ಕುಗ್ಗುತ್ತಿತ್ತು. ಆದರೆ ಆ ಕ್ಲೀನರುಗಳು ಫಿಲ್ಟರನ್ನು ತೆಗೆಯಲಿಲ್ಲ, ಅಗಲ ಮಾಡಿದರು. ಒಂದು ಚೀಲದ ಜಾಗದಲ್ಲಿ ನಾಲ್ಕು ಚೀಲ. ಒಂದೇ ಗಾಳಿ ನಾಲ್ಕು ದಾರಿಯಲ್ಲಿ ಹರಿದರೆ ಪ್ರತಿಯೊಂದರಲ್ಲೂ ವೇಗ ಕಡಿಮೆ, ತಡೆಯೂ ಕಡಿಮೆ, ಬೂದಿಯೂ ಚೆನ್ನಾಗಿ ಹಿಡಿಯುತ್ತದೆ. ಕಾಗದದ ಫಿಲ್ಟರನ್ನು ಇವತ್ತಿಗೂ ಬೀಸಣಿಗೆಯಂತೆ ಮಡಿಸಿ ಮಡಿಸಿ ಮಾಡುವುದು ಇದೇ ಕಾರಣಕ್ಕೆ. ಗಾಳಿಯ ದಾರಿಯನ್ನು ಬದಲಾಯಿಸುವ ಯಾವನೇ ಹುಡುಗ ಮೊದಲು ಕಲಿಯಬೇಕಾದ ಪಾಠ ಇದು.

ಬಸ್ಸಿನ ಬೆಳಗು ಶುರುವಾಗುತ್ತಿದ್ದುದು ಕ್ಲೀನರಿನಿಂದ. ಕತ್ತಲಿರುವಾಗಲೇ ಎದ್ದು ಬೂದಿ ತೆಗೆದು, ಕಿಟ್ಟ ಒಡೆದು, ನಾರು ಕೊಡವಿ, ಚೀಲ ಬದಲಿಸಿ, ಇದ್ದಿಲನ್ನು ಜರಡಿ ಹಿಡಿದು ಪುಡಿ ಬೇರೆ ಮಾಡಿ ತುಂಬಬೇಕು. ಪುಡಿ ಇದ್ದರೆ ಗಾಳಿ ಹಾಯುವುದಿಲ್ಲ, ತುಂಡು ದೊಡ್ಡದಾದರೆ ನಡುವೆ ಟೊಳ್ಳು ಬಿದ್ದು ಗ್ಯಾಸ್ ಹಾಳಾಗುತ್ತದೆ. ಎರಡು ಬೆರಳ ಗಾತ್ರದ ತುಂಡು ಬೇಕು. ಆಮೇಲೆ ಬೆಂಕಿ ಕೊಟ್ಟು, ಕೈಯಿಂದ ತಿರುಗಿಸುವ ಬ್ಲೋವರಿನ ಹ್ಯಾಂಡಲ್ ಹಿಡಿಯುವುದು. ಮೊದಲು ಬಿಳಿ ಹೊಗೆ, ಬರಬರುತ್ತಾ ತಿಳಿ. ಹೊಗೆ ಬಿಡುವ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದಾಗ ನೀಲಿ ಉರಿ ಬಿಡದೆ ನಿಂತರೆ ಗ್ಯಾಸ್ ಹದಕ್ಕೆ ಬಂತು ಎಂದರ್ಥ. ಆಗ ಡ್ರೈವರನ್ನು ಕರೆಯುವುದು. ಕೂಪನ್ನಿನಲ್ಲಿ ಸಿಕ್ಕ ಚೂರು ಪೆಟ್ರೋಲಿನಲ್ಲಿ ಇಂಜಿನ್ ಚಾಲೂ ಮಾಡಿ, ಬಿಸಿಯಾದ ಮೇಲೆ ಪೆಟ್ರೋಲ್ ಮುಚ್ಚಿ, ಗ್ಯಾಸಿನ ಮುಚ್ಚಳವನ್ನು ಮೆಲ್ಲಗೆ ತೆರೆಯುತ್ತಿದ್ದರು.

ಗ್ಯಾಸಿನಲ್ಲಿ ಓಡಿದರೆ ಇಂಜಿನ್ನಿನ ಶಕ್ತಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಇಳಿಯುತ್ತದೆ. ಬಯಲಿನಲ್ಲಿ ಅದು ಅಷ್ಟಾಗಿ ತಿಳಿಯದು. ಏರು ಬಂದಾಗ ಜನ ಇಳಿಯಬೇಕು, ಗಂಡಸರು ತಳ್ಳಬೇಕು, ಕ್ಲೀನರ್ ಕಲ್ಲು ಹಿಡಿದು ಹಿಂದಿನ ಚಕ್ರದ ಜೊತೆ ಓಡಬೇಕು; ಬಸ್ಸು ನಿಂತ ಕೂಡಲೇ ಚಕ್ರಕ್ಕೆ ಕಲ್ಲು ಕೊಡಬೇಕು. ಇದ್ದಿಲಿನ ಬಸ್ಸಿನ ಬಗ್ಗೆ ಹಳಬರು ಹೇಳುವ ಕಥೆಗಳೆಲ್ಲ ಈ ತಳ್ಳುವ ಕಥೆಗಳೇ. ಕೇಳಲು ಚೆಂದ ಇವೆ. ಆದರೆ ಆ ಕಥೆಗಳ ಭರದಲ್ಲಿ ಒಂದು ಮಾತು ಮುಚ್ಚಿಹೋಗಿದೆ: ಆ ಗ್ಯಾಸ್ ವಿಷ. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಲವಾಗಿ ಅಂಟುತ್ತದೆ. ಇಂಜಿನ್ ಓಡುವಾಗ ಪ್ಲಾಂಟಿನೊಳಗೆ ಎಳೆತ ಇರುವುದರಿಂದ ಬಿರುಕಿದ್ದರೂ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ. ಅಪಾಯ ಇರುವುದು ಬ್ಲೋವರ್ ತಿರುಗಿಸುವಾಗ, ಇಂಜಿನ್ ನಿಲ್ಲಿಸಿದ ಮೇಲೆ, ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ. ಆ ಹೊತ್ತಿನಲ್ಲೆಲ್ಲ ಪ್ಲಾಂಟಿನ ಹತ್ತಿರ ಇರುತ್ತಿದ್ದವರು ಕ್ಲೀನರುಗಳು, ಹದಿನಾಲ್ಕು ಹದಿನೈದರ ಹುಡುಗರು. ಮಳೆಯ ರಾತ್ರಿಯಲ್ಲಿ ಬೆಚ್ಚಗಿರುತ್ತದೆಂದು ಪ್ಲಾಂಟಿನ ಪಕ್ಕವೇ ಮಲಗುವ ಆಸೆ ಅವರಿಗೆ. ಅಜ್ಜನ ಬಸ್ಸಿನ ಡ್ರೈವರ್ ಅದಕ್ಕೆ ಒಮ್ಮೆಯೂ ಬಿಡಲಿಲ್ಲವಂತೆ, ಕೋಲು ಹಿಡಿದು ಎಬ್ಬಿಸಿ ಜಗಲಿಗೆ ಕಳಿಸುತ್ತಿದ್ದರಂತೆ. ಆ ಡ್ರೈವರಿನ ಹೆಸರು ಹೇಳುವಾಗ ಅಜ್ಜ ಕೈಯೆತ್ತಿ ಮುಗಿಯುತ್ತಿದ್ದರು.

ಯುದ್ಧ ಮುಗಿಯಿತು. ಪೆಟ್ರೋಲ್ ಮತ್ತೆ ಸಿಗತೊಡಗಿದಂತೆ ಪ್ಲಾಂಟುಗಳು ಒಂದೊಂದಾಗಿ ಕೆಳಗಿಳಿದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಇವತ್ತಿನ ಕೆಎಸ್‌ಆರ್‌ಟಿಸಿಯ ಮೂಲ ಅದು. ಮುಂದೆ ಡೀಸೆಲ್ ಇಂಜಿನ್‌ಗಳ ಕಾಲ ಬಂತು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯೇ ಇಲ್ಲದ್ದರಿಂದ ಬರೀ ಇದ್ದಿಲಿನ ಗ್ಯಾಸನ್ನು ಹೊತ್ತಿಸಲು ಆಗುವುದಿಲ್ಲ. ಹಾಗಾಗಿ ಹಳೆಯ ಪ್ಲಾಂಟುಗಳಿಗೆ ಯಾರೂ ಮರಳಲಿಲ್ಲ. ಡ್ರಮ್ಮುಗಳು ಬಚ್ಚಲಿನ ನೀರು ಕಾಯಿಸುವ ಹಂಡೆಯ ಜಾಗಕ್ಕೆ ಹೋದವು, ಪೈಪುಗಳು ಬೇಲಿಗೆ. ಹತ್ತು ವರ್ಷ ಕಳೆಯುವುದರೊಳಗೆ ಆ ವಿದ್ಯೆ ಗೊತ್ತಿದ್ದವರು ಬೇರೆ ಬೇರೆ ಕೆಲಸ ಹಿಡಿದಿದ್ದರು.

ಆ ವಿದ್ಯೆಯನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗಿ ಬಂದದ್ದು 1970ರ ದಶಕದ ತೈಲ ಬಿಕ್ಕಟ್ಟಿನ ನಂತರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟುಹಾಕಿದರು. ಅದೇ ಸಂಸ್ಥೆಯಲ್ಲಿ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಸಣ್ಣ ಡೀಸೆಲ್ ಇಂಜಿನ್‌ಗಳಿಗಾಗಿ ಬಾಯಿ ತೆರೆದ ಮರದ ಗ್ಯಾಸ್ ಒಲೆಯನ್ನು ರೂಪಿಸಿದರು. 1988ರಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ ಅಂಥ ಒಂದು ಒಲೆಯಿಂದ 3.7 ಕಿಲೋವಾಟ್ ವಿದ್ಯುತ್ ಬಂತು. ಮೊದಲು ಮನೆಗಳಿಗೆ, ಬೀದಿಗೆ ದೀಪ. ಆಮೇಲೆ ಕುಡಿಯುವ ನೀರು. ಮುಂದೆ ಹಿಟ್ಟಿನ ಗಿರಣಿ. ಊರ ಪಕ್ಕದಲ್ಲೇ ಸೌದೆಗೆಂದು ಬೆಳೆಸಿದ ತೋಪು. ಡೀಸೆಲ್ಲಿನ ಪುಟ್ಟ ತುಂತುರು ಕಿಡಿಯ ಕೆಲಸ ಮಾಡಿದರೆ ಮಿಕ್ಕ ಬಲವೆಲ್ಲ ಗ್ಯಾಸಿನದು. ಗ್ಯಾಸ್ ಒಳಗೆ ಹೋಗುತ್ತಿದ್ದ ದಾರಿ ಮಾತ್ರ ಹಳೆಯದೇ: ಇಂಜಿನ್ನಿನ ಗಾಳಿಯ ಕೊಳವೆಗೆ ಒಂದು ‘ಟಿ’, ಎರಡು ಮುಚ್ಚಳ. ಇಂಜಿನಿಯರುಗಳು ಹೆಚ್ಚು ತಲೆ ಕೆಡಿಸಿಕೊಂಡದ್ದು ಬೂದಿ ಮತ್ತು ಡಾಂಬರನ್ನು ಹಿಡಿಯುವ ಬಗ್ಗೆ. ನೀರು ಚಿಮುಕಿಸಿ ತಣಿಸುವುದು, ಆಮೇಲೆ ದಪ್ಪ ಮರಳು, ನಯ ಮರಳಿನ ಹಾಸು. ಅಜ್ಜ ನಾರು ಮತ್ತು ಬಟ್ಟೆಯಲ್ಲಿ ಮಾಡಿದ್ದನ್ನು ಅವರು ಮರಳಿನಲ್ಲಿ, ಅಳತೆ ಸಮೇತ ಮಾಡಿದರು.

ಅವರ ಅಳತೆಗಳು ಪತ್ರಿಕೆಗಳಲ್ಲಿ ಅಚ್ಚಾಗಿವೆ, ಯಾರು ಬೇಕಾದರೂ ಓದಬಹುದು. ಯುದ್ಧಕಾಲದ ನಮ್ಮ ಊರುಗಳ ಕಮ್ಮಾರರ ಅಳತೆಗಳು ಎಲ್ಲೂ ಅಚ್ಚಾಗಲಿಲ್ಲ. ಮೂತಿಯ ತೂತು ಎಷ್ಟು ಅಗಲ, ಮೂತಿಯಿಂದ ಜಾಲರಿಗೆ ಎಷ್ಟು ದೂರ, ಎಷ್ಟು ಚೀಲಕ್ಕೆ ಎಷ್ಟು ದೊಡ್ಡ ಇಂಜಿನ್ ಎಂಬುದನ್ನು ಅವರು ಸಾಲೆಯ ನೆಲದಲ್ಲಿ ಮಸಿಯಿಂದ ಗೆರೆ ಎಳೆದು ಲೆಕ್ಕ ಹಾಕಿದವರು. ಅಜ್ಜ ಹೇಳಿದ್ದರಲ್ಲಿ ನೆನಪಿದ್ದಷ್ಟನ್ನು ನಾನು ಒಂದು ನಕ್ಷೆಯಾಗಿ ಬರೆದಿಟ್ಟಿದ್ದೇನೆ. ಡ್ರಮ್ಮು, ಪೈಪು, ಚೀಲಗಳ ಮಟ್ಟಿಗೆ ಅದು ಸರಿಯಿದೆ ಎಂಬ ಭರವಸೆ ನನಗಿದೆ. ಅಪೂರ್ಣವಾಗಿರುವುದು ಆ ‘ಟಿ’ಯ ಜಾಗ. ಮಲೆನಾಡಿನ ಹಳೆಯ ಬಸ್ ಮಾಲೀಕರ ಮನೆಗಳ ಅಟ್ಟದಲ್ಲಿ, ಕಮ್ಮಾರ ಸಾಲೆಯ ಮೂಲೆಯಲ್ಲಿ ಅದು ಇನ್ನೂ ಬಿದ್ದಿರಬಹುದು: ಗೇಣುದ್ದದ, ಮೂರು ಬಾಯಿಯ ಎರಕದ ಅಥವಾ ಬೆಸುಗೆಯ ಕಬ್ಬಿಣದ ತುಂಡು, ಎರಡು ಬಾಯಿಗಳೊಳಗೆ ತಿರುಗುವ ದುಂಡು ತಗಡು, ಹೊರಗೆ ಸರಳು ಸಿಕ್ಕಿಸಲು ತೂತಿರುವ ಪುಟ್ಟ ಕಿವಿ. ನೀರಿನ ಪೈಪಿನ ತುಂಡೆಂದು ಅದನ್ನು ಗುಜರಿಗೆ ಹಾಕಬೇಡಿ. ಯಾರ ಬಳಿಯಾದರೂ ಇದ್ದರೆ ನಾನೇ ಬಂದು ಅಳತೆ ತೆಗೆದುಕೊಂಡು, ಅದನ್ನು ಅಲ್ಲೇ ಬಿಟ್ಟು ಬರುತ್ತೇನೆ.